ಅಪ್‌ಡೇಟ್: ಎಂ.ಆರ್ಕ್‌ಗೆ ಜಿಆರ್‌ಇ ಮತ್ತೆ ಬರೆಯಬೇಕಾ?

ಜಿಆರ್‌ಇ (ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಕ್ವಾಂಟ್‌ನಲ್ಲಿ, ಅಂದರೆ ಗಣಿತದ ಭಾಗದಲ್ಲಿ, 170ಕ್ಕೆ 152 ಇದ್ದರೆ ಅಮೆರಿಕದ ಎಂ.ಆರ್ಕ್‌ಗೆ (ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ) ಸಾಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮತ್ತೆ ಬರೆಯಲಿಲ್ಲ, ಬರೆಯುವ ಅಗತ್ಯವೂ ಬೀಳಲಿಲ್ಲ.

ಕೆಲಸಕ್ಕೆ ಬಂದ ಸಲಹೆ: ವಿಶ್ವವಿದ್ಯಾಲಯದ ಸಾಮಾನ್ಯ ಪುಟ ಬಿಟ್ಟು ಆಯಾ ಕೋರ್ಸಿನ ಪ್ರವೇಶ ಪುಟವನ್ನೇ ನೋಡಿ ಅಂದದ್ದು. ಪಟ್ಟಿಯಲ್ಲಿದ್ದ ಹೆಚ್ಚಿನ ಕಡೆ ಜಿಆರ್‌ಇ ಕೇಳುವುದೇ ಇಲ್ಲ. 'ಐಚ್ಛಿಕ' ಎಂದಿದ್ದರೆ ಕಳಿಸಬಹುದು, 'ಪರಿಗಣಿಸುವುದಿಲ್ಲ' ಎಂದಿದ್ದರೆ ಕಳಿಸಿದ ದುಡ್ಡು ದಂಡ. ಜಿಆರ್‌ಇ ಸ್ಕೋರಿಗೆ 5 ವರ್ಷ ಮಾನ್ಯತೆ ಇರುವುದರಿಂದ ಹಳೆಯದೂ ನಡೆಯುತ್ತದೆ. ಇಂಗ್ಲಿಷ್ ಪರೀಕ್ಷೆ ಟೋಫೆಲ್‌ಗೆ ಮಾತ್ರ 2 ವರ್ಷ, ಅದನ್ನು ಮರೆಯಬೇಡಿ.

'ಜಿಆರ್‌ಇಯಲ್ಲಿ 340ಕ್ಕೆ 320 ದಾಟಿಸು, ಉಳಿದದ್ದು ತಾನಾಗಿ ಆಗುತ್ತೆ' ಅನ್ನೋ ಸಲಹೆ ಎಂಜಿನಿಯರಿಂಗ್‌ನವರಿಗೆ ಸರಿಯೇನೋ. ಎಂ.ಆರ್ಕ್‌ನಲ್ಲಿ ತೂಕವೆಲ್ಲ ಪೋರ್ಟ್‌ಫೋಲಿಯೋಗೆ, ಅಂದರೆ ನಾವು ಮಾಡಿದ ವಿನ್ಯಾಸಗಳ ಸಂಗ್ರಹಕ್ಕೆ. ಹತ್ತು ಪ್ರಾಜೆಕ್ಟ್ ತುರುಕುವ ಬದಲು ನಾಲ್ಕೈದು ಇಡಿ. ಬರೀ ರೆಂಡರ್ (ಕಂಪ್ಯೂಟರಿನಲ್ಲಿ ಮಾಡಿದ ಕಟ್ಟಡದ ಚಿತ್ರ) ಸಾಲದು. ಕೈಯಲ್ಲಿ ಬಿಡಿಸಿದ ಸ್ಕೆಚ್, ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ಚಿತ್ರ), ಮಾಡೆಲ್ ಫೋಟೋ ಇದ್ದರೆ ಯೋಚನೆ ಬೆಳೆದ ದಾರಿ ಕಾಣುತ್ತದೆ. ಗುಂಪಿನ ಅಥವಾ ಆಫೀಸಿನ ಕೆಲಸವಾದರೆ ನಿಮ್ಮ ಪಾಲು ಎಷ್ಟು ಅಂತ ಅದೇ ಪುಟದಲ್ಲಿ ಬರೆಯಿರಿ. ಪುಟ ಮತ್ತು ಎಂಬಿ ಮಿತಿ ಒಂದೊಂದು ಕಡೆ ಒಂದೊಂದು ಥರ. ಕಡೇ ದಿನ ಫೈಲ್ ಕುಗ್ಗಿಸಿದರೆ ಡ್ರಾಯಿಂಗಿನ ತೆಳು ಗೆರೆಗಳೇ ಮಾಯ.

ಗೊತ್ತೇ ಇರದಿದ್ದ ಸಂಗತಿ ಇನ್ನೊಂದು. ನಮ್ಮ 5 ವರ್ಷದ ಬಿ.ಆರ್ಕ್ ಆದವರು ಸಾಮಾನ್ಯವಾಗಿ ಸೇರುವ ಪೋಸ್ಟ್-ಪ್ರೊಫೆಷನಲ್ ಎಂ.ಆರ್ಕ್‌ಗೆ (ಈಗಾಗಲೇ ವಾಸ್ತುಶಿಲ್ಪದ ವೃತ್ತಿಪರ ಪದವಿ ಇದ್ದವರ ಕೋರ್ಸ್) ಎನ್‌ಎಎಬಿ ಮಾನ್ಯತೆ ಇರುವುದಿಲ್ಲ. ಎನ್‌ಎಎಬಿ ಅಂದರೆ ವಾಸ್ತುಶಿಲ್ಪ ಪದವಿಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಮಂಡಳಿ. ಅಲ್ಲೇ ಆರ್ಕಿಟೆಕ್ಟ್ ಲೈಸೆನ್ಸ್ ಬೇಕೆನ್ನುವವರು ಇದನ್ನು ಮೊದಲೇ ನೋಡಿಕೊಳ್ಳಿ. ಕೋರ್ಸಿನ ಸಿಐಪಿ ಕೋಡನ್ನೂ (ಅಮೆರಿಕದಲ್ಲಿ ಪ್ರತಿ ಕೋರ್ಸಿನ ವಿಷಯಕ್ಕೆ ಕೊಡುವ ಸಂಖ್ಯೆ) ಕೇಳಿ: 04.0902 ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ ವಿಷಯಗಳ) ಪಟ್ಟಿಯಲ್ಲಿದೆ, 04.0201 ಇಲ್ಲ. ಒಪಿಟಿಯಲ್ಲಿ, ಅಂದರೆ ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ ಅವಧಿಯಲ್ಲಿ, 24 ತಿಂಗಳ ವ್ಯತ್ಯಾಸ!