ಗ್ವಾರ್ನೇರಿಯ ಪಿಟೀಲಿನಲ್ಲಿ ಉಳಿದ ಉಳಿಯ ಗುರುತುಗಳು

ಪ್ರಶ್ನೆ: ನಾನು ಪಿಟೀಲು ಕಲಿಯುತ್ತಿದ್ದೇನೆ. ಇಟಲಿಯ ಕ್ರೆಮೋನಾದ ಜ್ಯುಸೆಪ್ಪೆ ಗ್ವಾರ್ನೇರಿ (1698–1744) 1743ರಲ್ಲಿ ಮಾಡಿದ ‘ಕ್ಯಾನೋನೆ’ ಎಂಬ ಪಿಟೀಲಿನ ಚಿತ್ರಗಳನ್ನು ರಾತ್ರಿಯಿಡೀ ದೊಡ್ಡದು ಮಾಡಿ ನೋಡಿದೆ. ಮೇಲ್ಹಲಗೆಯಲ್ಲಿರುವ, ಇಂಗ್ಲಿಷಿನ ಎಫ್ ಅಕ್ಷರದಂತಹ ಎರಡು ರಂಧ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ತುದಿಯ ಸುರುಳಿಯಲ್ಲಿ ಉಳಿಯ ಏಟುಗಳು ಹಾಗೆಯೇ ಇವೆ. ಆದರೂ ಕಣ್ಣು ಕೀಳಲಾಗಲಿಲ್ಲ! ಇಷ್ಟು ಒರಟು ಏಕೆ? ಸೆರೆಮನೆಯಲ್ಲಿ ಕುಳಿತು ಮಾಡಿದ್ದೆಂಬುದು ನಿಜವೇ?

ಉತ್ತರ 1: ಸೆರೆಮನೆಯ ಮಾತು ಬರೀ ದಂತಕಥೆ. ಅವರ ಅನೇಕ ಪಿಟೀಲುಗಳ ಸುರುಳಿಗಳನ್ನು ತಂದೆಯೇ ಕೆತ್ತುತ್ತಿದ್ದರೆಂದು ತಜ್ಞರು ಗುರುತಿಸಿದ್ದಾರೆ. 1740ರ ಸುಮಾರಿಗೆ ತಂದೆ ತೀರಿಕೊಂಡ ಮೇಲೆ ಸುರುಳಿ ಒರಟಾಯಿತು. ನನಗಂತೂ ಆ ಏಟುಗಳಲ್ಲಿ ಮಗನ ಒಂಟಿತನ ಕಾಣುತ್ತದೆ.

ಉತ್ತರ 2: ಒರಟೆಂದರೆ ಅಸಡ್ಡೆಯಲ್ಲ. ನಾನು ಪಿಟೀಲು ದುರಸ್ತಿ ಮಾಡುವವನು. ಸ್ಪ್ರೂಸ್ ಮರದ ಮೇಲ್ಹಲಗೆಯನ್ನು ಹೆರೆಯುವಾಗ ಬೆರಳಲ್ಲಿ ತಟ್ಟಿ ಕೇಳುತ್ತೇನೆ. ಕೂದಲೆಳೆಯಷ್ಟು ಹೆಚ್ಚು ಹೆರೆದರೂ ನಾದ ಬದಲಾಗುತ್ತದೆ. ‘ಕ್ಯಾನೋನೆ’ಯ ಹಲಗೆಗಳು ಸಾಕಷ್ಟು ದಪ್ಪ. ಅದರ ಫಿರಂಗಿಯಂತಹ ದನಿಗೇ ಹೆಸರಾಂತ ಪಿಟೀಲುವಾದಕ ಪಗನೀನಿ ಮರುಳಾದದ್ದು, ಫಿರಂಗಿ ಎಂಬರ್ಥದ ‘ಕ್ಯಾನೋನೆ’ ಹೆಸರು ಬಂದದ್ದೂ ಹಾಗೆಯೇ. ಗದ್ದದ ಆಸರೆಯಿಲ್ಲದೆ ನುಡಿಸುತ್ತಿದ್ದ ಆತನ ಗದ್ದ ಉಜ್ಜಿ ವಾರ್ನಿಷ್ ಸವೆದ ಜಾಗವನ್ನು ಚಿತ್ರದಲ್ಲಿ ಹುಡುಕಿ.

ಪ್ರಶ್ನೆ ಕೇಳಿದವರು: ಕಂಡಿತು! ತಂತಿಗಳ ಬುಡದ ಪಕ್ಕದಲ್ಲಿ, ಬರಿಯ ಮರ. ಪಿಟೀಲು ಈಗ ಎಲ್ಲಿದೆ?

ಉತ್ತರ 2: ಇಟಲಿಯ ಜಿನೋವಾದಲ್ಲಿ. ಪಗನೀನಿ ಅದನ್ನು ತನ್ನ ಹುಟ್ಟೂರಿಗೇ ಬರೆದುಕೊಟ್ಟ.