ನವೋದಯ ಪರೀಕ್ಷೆಗೆ ಸಮಾನಾರ್ಥಕ ಪದ ಹೇಗೆ ಅಭ್ಯಾಸ ಮಾಡಿಸೋದು?

ಬ್ಯಾಡಗಿ ಟೇಲರ್ ಅಕ್ಕ

ಎಲ್ಲರಿಗೂ ನಮಸ್ಕಾರ. ಮಗಳು 5ನೇ ಕ್ಲಾಸು, ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಈ ಸಲ ನವೋದಯ ಪರೀಕ್ಷೆ ಬರೆಯುತ್ತಾಳೆ. ಲೆಕ್ಕದಲ್ಲಿ ಚುರುಕು. ಆಕೃತಿ ಹೊಂದಿಸುವ ಪ್ರಶ್ನೆಗಳಂತೂ ಅವಳಿಗೆ ಆಟ. ಒದ್ದಾಡೋದು ಭಾಷೆಯಲ್ಲಿ, ಅದರಲ್ಲೂ ಸಮಾನಾರ್ಥಕ ಪದದಲ್ಲಿ.

ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಒಂದು ಗೈಡ್ ತಂದೆ. ಕೊನೆಯ ಪುಟಗಳಲ್ಲಿ ಉದ್ದದ ಪಟ್ಟಿ ಇದೆ. ನಾನು ಮಷೀನ್ ತುಳಿಯುತ್ತಾ ಕೇಳುತ್ತೇನೆ, ಅವಳು ಬ್ಲೌಸಿಗೆ ಹುಕ್ಕು ಹಚ್ಚುತ್ತಾ ಹೇಳುತ್ತಾಳೆ. ಕಮಲ ಅಂದರೆ ತಾವರೆ, ಪದ್ಮ, ಪಂಕಜ, ನೀರಜ, ಅಂಬುಜ ಅಂತ ಒಂದೇ ಉಸಿರಿಗೆ ಮುಗಿಸುತ್ತಾಳೆ. ಆದರೆ ತಿರುಗಿಸಿ "ಅಂಬುದ ಅಂದ್ರೆ ಏನು?" ಅಂದರೆ ಅದೂ ಕಮಲವೇ. ಅನಲ ಬೆಂಕಿಯೋ ಗಾಳಿಯೋ, ಒಂದೊಂದು ದಿನ ಒಂದೊಂದು ಉತ್ತರ. ಅದೇ ಪದ ಪಾಠದ ನಡುವೆ ಬಂದರೆ ಗುರುತೇ ಹತ್ತೋದಿಲ್ಲ. ಈಗೀಗ ಪಟ್ಟಿ ತೆಗೆದ ಕೂಡಲೇ ಆಕಳಿಕೆ ಶುರು.

ನಮ್ಮ ಮನೆಯವರು ಹಾವೇರಿಯಲ್ಲಿ ಕೋಚಿಂಗಿಗೆ ಹಾಕೋಣ ಅನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಈ ವಯಸ್ಸಿನ ಹುಡುಗಿಯನ್ನು ದಿನಾ ಬಸ್ಸಿಗೆ ಹತ್ತಿಸೋಕೆ ನನಗೆ ಮನಸ್ಸಿಲ್ಲ. ನಾನು ಓದಿದ್ದು ಹತ್ತನೇ ಕ್ಲಾಸು. ರಾತ್ರಿ ಊಟಕ್ಕೆ ಮುಂಚೆ ಒಂದು ತಾಸು ಅವಳ ಜೊತೆ ಕೂರಬಲ್ಲೆ. ಆ ಒಂದು ತಾಸಲ್ಲಿ ಏನು ಮಾಡಿಸಲಿ? ತಿಳಿದವರು ಹೇಳಿ.

ತಿಪಟೂರು ಮೇಷ್ಟ್ರು

ತಾಯಿ, ಆ ಪಟ್ಟಿಯನ್ನು ಸ್ವಲ್ಪ ದಿನ ಕಪಾಟಲ್ಲಿಡಿ. ನಿಮ್ಮ ಮಗಳಿಗೆ ನೆನಪಿನ ಶಕ್ತಿ ಕಮ್ಮಿ ಇಲ್ಲ, ಜಾಸ್ತಿನೇ ಇದೆ. ಅವಳು ಕಲಿತಿರೋದು ಪಟ್ಟಿಯ ಹಾಡನ್ನು. ಪರೀಕ್ಷೆಯಲ್ಲಿ ಆ ಹಾಡು ಯಾರೂ ಕೇಳೋದಿಲ್ಲ. ಒಂದು ಪ್ಯಾರಾ ಕೊಟ್ಟು, ಅದರೊಳಗಿನ ಒಂದು ಪದ ತೋರಿಸಿ, ಇಲ್ಲಿ ಇದರ ಅರ್ಥ ಏನು ಅಂತ ಕೇಳುತ್ತಾರೆ. "ಇಲ್ಲಿ" ಅನ್ನೋದನ್ನು ಮರೆಯಬೇಡಿ.

ನಾನು ಮಕ್ಕಳಿಗೆ ಮೊದಲು ಕೊಡೋದು ಈ ವಾಕ್ಯ: "ಬರಗಾಲ ಬಂದಾಗ ಅರಸನು ರೈತರ ಕರವನ್ನು ಮನ್ನಾ ಮಾಡಿದನು." ಕರ ಅಂದರೆ ಏನು? ಕೈ, ಕಿರಣ, ತೆರಿಗೆ, ಸೊಂಡಿಲು. ತಮಾಷೆ ಏನೆಂದರೆ ನಿಘಂಟು ತೆಗೆದರೆ ನಾಲ್ಕೂ ಸರಿ. ಪಟ್ಟಿ ಕಲಿತ ಮಗು ಮೊದಲು ನೆನಪಾದ "ಕೈ"ಗೆ ಗುರುತು ಹಾಕಿ ಮುಂದೆ ಹೋಗುತ್ತದೆ. ಅದಕ್ಕೇ ನಾಲ್ಕನ್ನೂ ವಾಕ್ಯದೊಳಗೆ ಕೂರಿಸಿ ಗಟ್ಟಿಯಾಗಿ ಓದಿಸಿ. "ರೈತರ ಸೊಂಡಿಲನ್ನು ಮನ್ನಾ ಮಾಡಿದನು" ಅಂದ ತಕ್ಷಣ ಇಡೀ ಕ್ಲಾಸು ನಗುತ್ತದೆ. ಆಮೇಲೆ ಆ ಪದ ಮರೆಯೋದು ಕಷ್ಟ.

ದಿನಾ ಶಾಲೆಯ ಪುಸ್ತಕದ ಒಂದು ಪ್ಯಾರಾ ಸಾಕು. ನಾಲ್ಕೈದು ಪದಕ್ಕೆ ಗೆರೆ ಹಾಕಿ. ಒಂದೊಂದನ್ನೂ ತೆಗೆದು, ಬೇರೆ ಪದ ಹಾಕಿ, ವಾಕ್ಯ ಕೆಡದ ಹಾಗೆ ಓದಲಿ. ಮರುದಿನ ಪ್ರಶ್ನೆ ತಯಾರಿಸುವ ಕೆಲಸ ಅವಳಿಗೇ ಕೊಡಿ. ಒಂದು ಸರಿ ಉತ್ತರ, ಒಂದು ವಿರುದ್ಧ ಪದ, ಒಂದು ಕೇಳೋಕೆ ಹಾಗೇ ಇರೋ ಪದ, ಇನ್ನೊಂದು ಸುಮ್ನೆ. ಬಲೆ ಹೆಣೆಯೋಕೆ ಕಲಿತವಳು ಬಲೆಗೆ ಬೀಳೋದು ಕಮ್ಮಿ.

ಇನ್ನು ಅಂಬುಜ, ಅಂಬುದ. ಇದನ್ನು ಬಾಯಿಪಾಠ ಮಾಡಿಸಲೇಬೇಡಿ, ಬಿಡಿಸಿ ತೋರಿಸಿ. ನೀರಿಗೆ ನಾಲ್ಕು ಹೆಸರು ತಗೊಳ್ಳಿ: ನೀರ, ಜಲ, ವಾರಿ, ಅಂಬು. ಕೊನೆಗೆ "ಜ" ಬಂದರೆ ಅದರಲ್ಲಿ ಹುಟ್ಟಿದ್ದು, ತಾವರೆ. "ದ" ಬಂದರೆ ಅದನ್ನು ಕೊಡೋದು, ಮೋಡ. "ಧಿ" ಬಂದರೆ ಅದನ್ನು ತುಂಬಿಕೊಂಡಿರೋದು, ಕಡಲು. ನೀರಜ, ಜಲಜ, ವಾರಿಜ, ಅಂಬುಜ. ನೀರದ, ಜಲದ, ವಾರಿದ, ಅಂಬುದ. ನೀರಧಿ, ಜಲಧಿ, ವಾರಿಧಿ, ಅಂಬುಧಿ. ಒಂದೇ ಸಂಜೆಗೆ 12 ಪದ ಕೈಗೆ ಬಂತು. ಟೋಕಿಯೋ ಒಲಿಂಪಿಕ್ಸಿನಲ್ಲಿ ಈಟಿ ಎಸೆದು ಚಿನ್ನ ಗೆದ್ದ ನೀರಜ್ ಚೋಪ್ರಾ ಹೆಸರಿನ ಅರ್ಥ ಏನು ಅಂತ ಕೇಳಿ ನೋಡಿ, ಕಣ್ಣರಳಿಸುತ್ತಾಳೆ.

"ಗ" ಕೂಡ ಹೀಗೇ, ಹೋಗೋದು ಅಂತ. ಆಕಾಶದಲ್ಲಿ ಹೋಗೋದು ಖಗ, ಹಕ್ಕಿ. ಎದೆಯ ಮೇಲೆ ಹರಿದು ಹೋಗೋದು ಉರಗ, ಹಾವು. ಬೇಗ ಹೋಗೋದು ತುರಗ, ಕುದುರೆ.

ಹಳೇ ನವೋದಯ ಹುಡುಗ

ಮೇಷ್ಟ್ರು ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಆದರೆ ಅಕ್ಕ, ಅಂಕಗಳ ಲೆಕ್ಕವನ್ನೂ ಒಮ್ಮೆ ನೋಡಿ. ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಬುದ್ಧಿಶಕ್ತಿ ಪರೀಕ್ಷೆಯೇ 40 ಪ್ರಶ್ನೆ, 50 ಅಂಕ. ಅಂಕಗಣಿತ 20 ಪ್ರಶ್ನೆಗೆ 25, ಭಾಷೆ 20 ಪ್ರಶ್ನೆಗೆ 25. ಭಾಷೆಯಲ್ಲಿ ನಾಲ್ಕು ಪ್ಯಾರಾ, ಒಂದೊಂದಕ್ಕೆ ಐದು ಪ್ರಶ್ನೆ. ಆ ಐದರಲ್ಲಿ ಪದದ ಅರ್ಥದ್ದು ಕೆಲವೇ. ಉಳಿದದ್ದು ಪ್ಯಾರಾ ಓದಿ ಹುಡುಕೋದು. ಹಾಗಾಗಿ ಇಡೀ ತಾಸು ಸಮಾನಾರ್ಥಕಕ್ಕೇ ಸುರಿಯಬೇಡಿ. ಅರ್ಧ ತಾಸು ಅದಕ್ಕೆ, ಇನ್ನರ್ಧ ತಾಸು ಗಡಿಯಾರ ಇಟ್ಟುಕೊಂಡು ಪ್ಯಾರಾ ಓದಿಸೋಕೆ.

ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. ಗೊತ್ತಿಲ್ಲದ ಪದ ಬಂದರೂ ಖಾಲಿ ಬಿಡಬಾರದು, ಹೊಂದದ್ದನ್ನು ಹೊಡೆದುಹಾಕಿ ಒಂದು ವೃತ್ತ ತುಂಬಲಿ. ಅರ್ಜಿಯಲ್ಲಿ ಭಾಷೆ ಕನ್ನಡ ಅಂತಲೇ ಇದೆಯಾ ನೋಡಿಕೊಳ್ಳಿ, ಪರೀಕ್ಷೆಯ ದಿನ ಬದಲಾಯಿಸೋಕೆ ಬಿಡೋದಿಲ್ಲ.

ಕೋಚಿಂಗ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಕನಿಷ್ಠ ಶೇ. 75 ಸೀಟು ಹಳ್ಳಿಯ ಮಕ್ಕಳಿಗೇ ಮೀಸಲು. ನಮ್ಮ ಬ್ಯಾಚಿನಲ್ಲಿ ಕೋಚಿಂಗ್ ಮುಖ ನೋಡದೆ ಬಂದವರು ಬೇಕಾದಷ್ಟು ಜನ ಇದ್ದರು.

ಕಡೂರು ಮಿಸ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬಾಯಿಪಾಠವನ್ನು ಪೂರ್ತಿ ತಳ್ಳಿಹಾಕಬೇಡಿ. ನವೋದಯ ಒಂದನ್ನೇ ನಂಬಿ ಕೂರದೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಅರ್ಜಿ ಹಾಕುತ್ತೀರಲ್ವಾ? ಅಲ್ಲಿ ಪ್ಯಾರಾ ಇಲ್ಲದೆ ನೇರವಾಗಿ ಪದ ಕೊಟ್ಟು ಕೇಳೋದೂ ಉಂಟು. ಇಳೆ, ಧರೆ, ವಸುಧೆ, ಪೊಡವಿ ಎಲ್ಲ ಭೂಮಿಯೇ ಅಂತ ಗೊತ್ತಿರಲೇಬೇಕು. ಪೊಡವಿ ಅನ್ನೋದನ್ನು ಯಾವ ವಾಕ್ಯದಲ್ಲಿ ಇಟ್ಟರೂ ಮೊದಲ ಸಲ ಕಂಡ ಮಗುವಿಗೆ ಊಹೆ ಸಿಗೋದು ಕಷ್ಟ. ನಾನು ಪಟ್ಟಿ ಇಟ್ಟುಕೊಳ್ಳುತ್ತೇನೆ, ಆದರೆ ಹಿಂದುಮುಂದು ಮಾಡಿ ಕೇಳುತ್ತೇನೆ. ಚೀಟಿಯ ಒಂದು ಕಡೆ ವಸುಧೆ, ಇನ್ನೊಂದು ಕಡೆ ಭೂಮಿ. ಯಾವ ಕಡೆ ಮೇಲೆ ಬಿದ್ದರೂ ಇನ್ನೊಂದನ್ನು ಹೇಳಬೇಕು.

ಅನಲ, ಅನಿಲಕ್ಕೆ ಸುಲಭ ದಾರಿ: ಗ್ಯಾಸ್ ಸಿಲಿಂಡರಿಗೆ ಕನ್ನಡದಲ್ಲಿ ಏನಂತಾರೆ? ಅಡುಗೆ ಅನಿಲ. ಗ್ಯಾಸ್ ಅಂದರೆ ಗಾಳಿಯ ಹಾಗಿನದ್ದು, ಅಲ್ಲಿಗೆ ಅನಿಲ ಗಾಳಿ. ಉಳಿದ ಅನಲ ಬೆಂಕಿ. ಸಿಲಿಂಡರಿನೊಳಗೆ ಬೆಂಕಿ ಇದ್ದರೆ ನಾವು ಯಾರೂ ಉಳಿಯುತ್ತಿರಲಿಲ್ಲ ಅಂತ ನನ್ನ ಕ್ಲಾಸಿನ ಹುಡುಗನೊಬ್ಬ ಹೇಳಿದ. ಅಷ್ಟೇ, ಎಲ್ಲರಿಗೂ ನಾಟಿತು.

ಬ್ಯಾಡಗಿ ಟೇಲರ್ ಅಕ್ಕ

ಎಲ್ಲರಿಗೂ ಧನ್ಯವಾದ. ನೀರಿನ ಪದಗಳನ್ನು ನಿನ್ನೆ ಮಾಡಿಸಿದೆ. ಕಟಿಂಗ್ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಅವಳೇ ಬರೆದಳು. ಆಮೇಲೆ ಕೇಳುತ್ತಾಳೆ, "ಕಪ್ಪೆನೂ ನೀರಲ್ಲೇ ಹುಟ್ಟೋದಲ್ವಾ ಅವ್ವ, ಅದ್ಯಾಕೆ ನೀರಜ ಅಲ್ಲ?" ನನಗೆ ಉತ್ತರ ಹೊಳೆಯಲಿಲ್ಲ.

ಇನ್ನೊಂದು ವಿಷಯ. ಗೈಡಿನಲ್ಲಿ ಮುಗಿಲು ಅಂದರೆ ಮೋಡ ಅಂತಿದೆ. ನಮ್ಮ ಕಡೆ ಮುಗಿಲು ಅಂದರೆ ಆಕಾಶ. ಅವರಜ್ಜಿ "ಮುಗಲಾಗ ಚುಕ್ಕಿ ನೋಡು" ಅನ್ನೋದನ್ನೇ ಕೇಳಿ ಬೆಳೆದವಳು. ಪರೀಕ್ಷೆಯಲ್ಲಿ ಎರಡೂ ಕೊಟ್ಟರೆ ಯಾವುದಕ್ಕೆ ಗುರುತು ಹಾಕಬೇಕು ಅಂತ ಪಟ್ಟು ಹಿಡಿದಿದ್ದಾಳೆ.

ತಿಪಟೂರು ಮೇಷ್ಟ್ರು

ಕಪ್ಪೆಯ ಪ್ರಶ್ನೆ ಕೇಳಿದ ಹುಡುಗಿಗೆ ನನ್ನ ಲೆಕ್ಕದಲ್ಲಿ ಒಂದು ಚಾಕಲೇಟು ಕೊಡಿಸಿ. ಬಿಡಿಸಿದರೆ ಕಪ್ಪೆಯೂ ನೀರಜವೇ, ಮೀನೂ ನೀರಜವೇ. ಆದರೆ ಜನ ಬಳಸುತ್ತಾ ಬಳಸುತ್ತಾ ಅದನ್ನು ತಾವರೆಗೇ ಬಿಟ್ಟುಕೊಟ್ಟರು. ಅವಳಿಗೆ ಇಷ್ಟು ಹೇಳಿ ಸಾಕು. "ಜಲದ" ಬಂದಾಗ ಮಾತ್ರ ಹುಷಾರು: "ಜಲದ ಕೊರತೆ" ಅಂದರೆ ಅಲ್ಲಿ ಮೋಡ ಇಲ್ಲ, ಬರೀ ನೀರಿನ ಕೊರತೆ.

ಮುಗಿಲಿಗೆ ಎರಡೂ ಅರ್ಥ ಇದೆ, ಅಜ್ಜಿ ಹೇಳಿದ್ದು ತಪ್ಪಲ್ಲ. ವಾಕ್ಯ ನೋಡಿ ಹೇಳಲಿ. "ಮುಗಿಲು ಕವಿದು ಮಳೆ ಸುರಿಯಿತು" ಅಂದರೆ ಮೋಡ. "ಮುಗಿಲ ತುಂಬ ಚುಕ್ಕಿ" ಅಂದರೆ ಆಕಾಶ. ವಾಕ್ಯವೇ ಇಲ್ಲದೆ ಬರೀ ಪದ ಕೊಟ್ಟು, ಮೋಡ, ಆಕಾಶ ಎರಡನ್ನೂ ಇಟ್ಟಿದ್ದರೆ ಮೋಡಕ್ಕೇ ಹಾಕಲಿ, ಪುಸ್ತಕದವರ ರೂಢಿ ಅದು. ಅಜ್ಜಿಗೆ ಹೇಳೋದು ಬೇಡ.