ಸಹಾಯ ಬೇಕು: ರಾಜಕೀಯ ಜಗಳಕ್ಕೆ ಗೆಳೆತನ ಮುರಿಯದಂತೆ ಗ್ರೂಪ್ ನಿಯಮಗಳು

ಹಳೆಯ ಗೆಳೆಯರ ವಾಟ್ಸಾಪ್ ಗ್ರೂಪ್ ನಡೆಸುವ ಅಡ್ಮಿನ್‌ಗಳಿಗಾಗಿ ಒಂದು ಪುಟದ ಕೈಪಿಡಿ ತಯಾರಾಗುತ್ತಿದೆ. ಕರಡು ಓದಿ ತಪ್ಪು ಹೇಳುವವರು ಬೇಕು.

ಜಗಳ ಹೊತ್ತಿಕೊಳ್ಳೋದು ಬಹುತೇಕ ಫಾರ್ವರ್ಡ್‌ಗಳಿಂದ. ಜೋಡಿ ಬಾಣದ ಗುರುತಿದ್ದರೆ ಆ ಸಂದೇಶ ಕನಿಷ್ಠ 5 ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದವರಿಗೇ ಮೂಲ ಗೊತ್ತಿರಲ್ಲ. ಆದರೂ ಎಲ್ಲರೂ ನೋಡುತ್ತಿರುವಾಗ ಸೋಲೊಪ್ಪೋಕೆ ಆಗಲ್ಲ. ಅದೇ ಮಾತು ಇಬ್ಬರ ಚಾಟ್‌ನಲ್ಲಾದರೆ "ಹೌದಾ, ನೋಡಿರಲಿಲ್ಲ ಬಿಡು" ಅಂತ ಮುಗಿದುಹೋಗುತ್ತೆ. ಹಾಗಾಗಿ ಮೊದಲ ನಿಯಮ: ಎರಡನೇ ಉತ್ತರದ ಹೊತ್ತಿಗೆ ಮಾತು ಖಾಸಗಿ ಚಾಟ್‌ಗೆ ಹೋಗಲಿ, ಸಾಧ್ಯವಾದರೆ ಫೋನ್‌ಗೆ.

ಕೈ ಮೀರಿದರೆ "ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು" ಅನ್ನೋ ಸೆಟ್ಟಿಂಗ್ ಒಂದು ರಾತ್ರಿ ಹಾಕಿ. ಒಬ್ಬರ ಸಂದೇಶವನ್ನಷ್ಟೇ ಅಳಿಸಬೇಡಿ. ಅಡ್ಮಿನ್ ಅಳಿಸಿದರು ಅನ್ನೋ ಸಾಲು ಎಲ್ಲರ ಪರದೆಯಲ್ಲೂ ಉಳಿಯುತ್ತೆ, ಅದೇ ಎರಡನೇ ಜಗಳ.

ಫೇಸ್‌ಬುಕ್‌ನಲ್ಲಿ ಅನ್‌ಫ್ರೆಂಡ್ ಮಾಡುವ ಮೊದಲು ಅವರ ಪೋಸ್ಟ್‌ಗಳು 30 ದಿನ ನಮಗೆ ಕಾಣದಂತೆ ಮಾಡುವ ಸ್ನೂಜ್ ಇದೆ, ಎದುರಿನವರಿಗೆ ತಿಳಿಯೋದೇ ಇಲ್ಲ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಪಾಪ.

ನಮಗೆ ತೊಡಕಾಗಿರೋದು ಎರಡು ಕಡೆ:

ಚುನಾವಣೆ ಹೊತ್ತಲ್ಲಿ ರಾಜಕೀಯಕ್ಕೆ ಪೂರ್ತಿ ನಿಷೇಧ ಹಾಕಬೇಕಾ, ಇಲ್ಲಾ ಬೇರೆ ಗ್ರೂಪ್ ಮಾಡಬೇಕಾ? ನಿಷೇಧ ಹಾಕಿದರೆ "ಈ ಜೋಕ್ ರಾಜಕೀಯವಾ?" ಅನ್ನೋ ವಾದ ಶುರುವಾಗುತ್ತೆ.

ಸಿಟ್ಟಾಗಿ ಹೊರಟುಹೋದವರನ್ನು ಮತ್ತೆ ಕರೆಯೋಕೆ ಎರಡು ಸಾಲು ಬರೆದುಕೊಡಿ. ವ್ಯಂಗ್ಯ ಅನ್ನಿಸಬಾರದು, ಹಳೇ ವಿಷಯ ಕೆದಕಬಾರದು. ನಾವು ಬರೆದದ್ದೆಲ್ಲ ನೋಟಿಸ್ ಥರ ಕಾಣ್ತಿದೆ.